ಗಂಜಿ ಹಾಕಿದ ಏರ್ ಫಿಲ್ಟರ್

ನಮ್ಮ ರೋಣದ ಮನೆಯ ಪಡಸಾಲೆಯಲ್ಲಿ, ದೇವರ ಫೋಟೋಗಳ ಸಾಲು ಮುಗಿದು ಕ್ಯಾಲೆಂಡರ್ ಶುರುವಾಗುವ ನಡುವಿನ ಜಾಗದಲ್ಲಿ, ಒಂದು ಮೊಳೆಗೆ ಕಾರಿನ ಏರ್ ಫಿಲ್ಟರ್ ತೂಗುಬಿದ್ದಿದೆ. ಗೇಣಗಲ, ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ, ಸುತ್ತ ಕಪ್ಪು ರಬ್ಬರಿನ ಅಂಚು, ನಡುವೆ ಒತ್ತೊತ್ತಾಗಿ ಮಡಿಚಿ ಕೂರಿಸಿದ ಕಾಗದ. ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಒಬ್ಬರು ಅದನ್ನು ಹಾರ್ಮೋನಿಯಮ್ಮಿನ ತಿದಿ ಅಂದರು. ಇನ್ನೊಬ್ಬರು, ಪಾಪ, ಯಾರೋ ನನಗೆ ಸನ್ಮಾನ ಮಾಡಿ ಕೊಟ್ಟ ಫಲಕವಿರಬೇಕೆಂದು ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ ಹೆಸರು ಹುಡುಕಿದರು. ನನ್ನ ಹೆಂಡತಿ ಗಿರಿಜಾ ಚಹಾದ ಕಪ್ಪು ಮುಂದಿಡುತ್ತ, "ಅದು ಇವರ ಡಿಗ್ರಿ ಸರ್ಟಿಫಿಕೇಟ್ ರೀ" ಅನ್ನುತ್ತಾಳೆ.

ಅವಳ ಮಾತನ್ನು ತೆಗೆದುಹಾಕುವ ಹಾಗಿಲ್ಲ. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಉರಿಯುವುದಕ್ಕೆ ಗಾಳಿ ಬೇಕು ಎಂದು ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ ಇಪ್ಪತ್ತೆರಡು ವರ್ಷದಿಂದ ತೋರಿಸುತ್ತ ಬಂದಿದ್ದೇನೆ. ಪ್ರತಿ ವರ್ಷವೂ ಬತ್ತಿ ಆರುತ್ತದೆ, ಪ್ರತಿ ವರ್ಷವೂ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಪ್ರತಿ ವರ್ಷವೂ ನಾನು ಆಮ್ಲಜನಕವನ್ನು ಸ್ವತಃ ಕಂಡುಹಿಡಿದವನ ಹಾಗೆ ಮೀಸೆಯ ಮೇಲೆ ಕೈಯಾಡಿಸುತ್ತೇನೆ. ಇಂಥವನು ತನ್ನ ಸ್ವಂತ ಕಾರಿನ ಮೇಲೆ ತನ್ನ ಸ್ವಂತ ಕೈಯಿಂದ ಲೋಟ ಬೋರಲು ಹಾಕಿದ ಕಥೆ ಅಲ್ಲಿ ಮೊಳೆಗೆ ತೂಗುಬಿದ್ದಿದೆ. ಆಮೇಲೆ ಎಂಜಿನ್ ಏನಾಯಿತು ಅಂತ ಕಡೆತನಕ ಚಡಪಡಿಸುವವರಿಗೆ ಈಗಲೇ ಹೇಳಿಬಿಡುತ್ತೇನೆ: ಬದುಕಿದೆ, ಆದರೆ ಮೊದಲಿಗಿಂತ ಜಾಸ್ತಿ ಆಯಿಲ್ ಕುಡಿಯುತ್ತದೆ, ಬೆಳಿಗ್ಗೆ ಚಾಲೂ ಮಾಡಿದರೆ ಮುದುಕರ ಹಾಗೆ ಎರಡು ಸಲ ಕೆಮ್ಮಿ ಆಮೇಲೆ ಮಾತಾಡುತ್ತದೆ. ಇನ್ನು ನಿಶ್ಚಿಂತೆಯಿಂದ ಓದಬಹುದು.

ಹೊಗೆಗೂ ನನಗೂ ಹಳೆಯ ನಂಟು. ನಾನು ಹುಟ್ಟಿ ಬೆಳೆದದ್ದು ಹೊಳೆಆಲೂರಿನಲ್ಲಿ. ಆಗ ಕಲ್ಲಿದ್ದಲಿನ ರೈಲು ಇನ್ನೂ ಓಡುತ್ತಿತ್ತು. ಶಾಲೆ ಬಿಟ್ಟ ಕೂಡಲೇ ಸ್ಟೇಷನ್ನಿಗೆ ಓಡಿ, ಎಂಜಿನ್ನು ನಿಲ್ಲುವ ಕಡೆ ಹೋಗಿ ನಿಂತು, ಬಾಯಿ ತೆರೆದು ಹೊಗೆ ಕುಡಿಯುವುದು ನಮ್ಮ ಆಟ. ಯಾರು ಹೆಚ್ಚು ಹೊತ್ತು ಕೆಮ್ಮದೆ ಇರುತ್ತಾನೋ ಅವನು ಆವತ್ತಿನ ಗಾರ್ಡ್. ಕಣ್ಣಿಗೆ ಕಲ್ಲಿದ್ದಲ ಕಸ ಬಿದ್ದೇ ತೀರುತ್ತಿತ್ತು. ಮನೆಗೆ ಹೋದರೆ ಅಜ್ಜಿ ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆದು, ತನ್ನ ನಾಲಿಗೆಗೆ ಮುಟ್ಟಿಸಿ, ನನ್ನ ರೆಪ್ಪೆ ಮಗುಚಿ ಕಸ ತೆಗೆಯುತ್ತಿದ್ದಳು. "ಕಣ್ಣ ಮುಚ್ಚಬ್ಯಾಡಲೇ, ನಿನ್ನ ಕಣ್ಣೇನು ನಾ ಕಿತ್ತಗೊಂಡು ಹೋಗೂದಿಲ್ಲ" ಅನ್ನುತ್ತಿದ್ದಳು. ಆ ಸೆರಗಿಗೆ ಒಗ್ಗರಣೆಯ ವಾಸನೆ, ನಶ್ಯದ ವಾಸನೆ ಎರಡೂ ಇರುತ್ತಿದ್ದವು.

ಒಲೆಯ ಹೊಗೆಯದು ಬೇರೆಯೇ ಕಾರಭಾರ. ಮನೆಯಲ್ಲಿ ಏನಾದರೂ ಕಳುವಾದರೆ ಅಜ್ಜಿ ಮೊಮ್ಮಕ್ಕಳನ್ನೆಲ್ಲ ಒಲೆಯ ಸುತ್ತ ಕೂರಿಸಿ ಹಸಿ ಹತ್ತಿಕಟ್ಟಿಗೆ ಹಾಕಿ ಊದುತ್ತಿದ್ದಳು. ಹೊಗೆ ಯಾರ ಮುಖಕ್ಕೆ ಹೋಗುತ್ತದೋ ಅವನೇ ಕಳ್ಳ. ಬೆಲ್ಲ ಕದಿಯುತ್ತಿದ್ದವನು ನಾನು. ಬಾಗಿಲ ಕಡೆ ಬೆನ್ನು ಮಾಡಿ ಕೂತರೆ ಹೊರಗಿನ ಗಾಳಿ ಹೊಗೆಯನ್ನು ಎದುರಿನವನ ಮುಖಕ್ಕೆ ತಳ್ಳುತ್ತದೆ ಎಂಬುದನ್ನು ನಾನು ಬಲು ಬೇಗ ಕಂಡುಕೊಂಡೆ. ಎದುರಿಗೆ ನನ್ನ ತಮ್ಮ ಕೂರುತ್ತಿದ್ದ. ನನ್ನ ವಿಜ್ಞಾನದ ಓದು ಶುರುವಾದದ್ದು ಅಲ್ಲಿಂದ; ನನ್ನ ತಮ್ಮನಿಗೆ ವಿಜ್ಞಾನದ ಮೇಲಿನ ಸಿಟ್ಟು ಶುರುವಾದದ್ದೂ ಅಲ್ಲಿಂದಲೇ.

ಕಾರು ನನ್ನ ಕೈಗೆ ಬಂದದ್ದು ಐದು ವರ್ಷದ ಹಿಂದೆ. ಇನ್ನೊಬ್ಬರು ಓಡಿಸಿ ಬಿಟ್ಟ ಡೀಸೆಲ್ ಗಾಡಿ. ಬಣ್ಣ ಬಿಳಿ ಎಂದು ಕಾಗದಪತ್ರದಲ್ಲಿದೆ. ಅದು ಬಂದ ಮೇಲೆ ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಗಾಡಿಯ ಡಾಕ್ಟರನಾದೆ. ಓದಿ ಓದಿ ಮರುಳಾದ ಕೂಚುಭಟ್ಟ ಅನ್ನುತ್ತಿದ್ದರು ಹಿಂದೆ. ಈಗಿನ ಭಟ್ಟನಿಗೆ ಓದುವ ತ್ರಾಸೂ ಇಲ್ಲ, ನೋಡಿಯೇ ಮರುಳಾಗುತ್ತಾನೆ. ಭಾನುವಾರ ಬಾನೆಟ್ ಎತ್ತಿ, ಕೈಯಲ್ಲೊಂದು ಸ್ಕ್ರೂಡ್ರೈವರ್ ಹಿಡಿದು, ಯಾವುದನ್ನೂ ಬಿಚ್ಚದೆ ಒಂದು ತಾಸು ನಿಲ್ಲುವುದು ನನ್ನ ವ್ರತ. ಓಣಿಯವರು ನಿಂತು ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಕರೆದು ಹೇಳುತ್ತೇನೆ. ರೋಣದಲ್ಲಿ ಸಂತೋಷವಾಗಿ ಕೇಳುವವರು ಮುಗಿದ ಮೇಲೆ, ಬೇಸಿಗೆ ರಜೆಯಲ್ಲಿ ಗಜೇಂದ್ರಗಡದ ಮಾವನ ಮನೆಗೆ ಗಾಡಿಯನ್ನೂ ಜ್ಞಾನವನ್ನೂ ಒಯ್ಯತೊಡಗಿದೆ.

ಮಾವನ ಮನೆ ಎಂದೆನಲ್ಲ, ಮಾವ ತೀರಿಕೊಂಡು ಬಹಳ ದಿನವಾಯಿತು. ಅದು ಈಗ ಅತ್ತೆಯ ಮನೆ, ಅದಕ್ಕಿಂತ ಖರೆ ಹೇಳಬೇಕೆಂದರೆ ಮಗ್ಗದ ಮನೆ. ಅತ್ತೆ ನೀಲವ್ವ, ಎಪ್ಪತ್ತರ ಹತ್ತಿರದವರು, ಈಗಲೂ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಾರೆ. ಮನೆಗೆ ಯಾರು ಬಂದರೂ ಕೈ ನಿಲ್ಲಿಸದೆ ಮಾತಾಡಿಸುತ್ತಾರೆ. ಲಾಳಿ ಆ ಕಡೆ ಹೋದಾಗ ಪ್ರಶ್ನೆ, ಈ ಕಡೆ ಬಂದಾಗ ಉತ್ತರ. ಉಡುವುದು ಮಾತ್ರ ಸಂತೆಯ ಪಾಲಿಸ್ಟರ್ ಸೀರೆ. "ನೇಯವರು ನೇಯ್ದದ್ದನ್ನ ಉಟಗೊಂಡ ಕುಂತ್ರ ಒಲಿ ಹತ್ತೂದಿಲ್ಲರಿ" ಅನ್ನುತ್ತಾರೆ.

ನಾನು ಹೇಳುತ್ತಿರುವ ಬೇಸಿಗೆಯಲ್ಲಿ ಆ ಮಗ್ಗದ ಮೇಲೆ ನರಗುಂದದ ಒಂದು ಮದುಮಗಳ ಸೀರೆ ಇತ್ತು. ಸಾಮಾನ್ಯವಾಗಿ ಅತ್ತೆಯ ಸೀರೆಗಳು ವ್ಯಾಪಾರಿಯ ಗಂಟಿನಲ್ಲಿ ಹೋಗುತ್ತವೆ, ಎಲ್ಲಿಗೆ ಹೋದವು, ಯಾರು ಉಟ್ಟರು ಎಂಬುದು ಗೊತ್ತಾಗುವುದಿಲ್ಲ. ಈ ಸಲ ಮದುಮಗಳು ವಿದ್ಯಾ ತಾನೇ ತನ್ನ ಅಜ್ಜಿಯ ಜೊತೆ ಬಂದು, ಮಗ್ಗದ ಮುಂದೆ ಕೂತು, ದಡಿಗೆ, ಅಂದರೆ ಸೀರೆಯ ಅಂಚಿಗೆ, ಕೆಂಪು ಬಣ್ಣ ಆರಿಸಿ ಹೋಗಿದ್ದಳು. ಹೋಗುವಾಗ ಒಂದು ಮಾತು ಹೇಳಿದ್ದಳು: "ಅಮ್ಮಾ, ಅಕ್ಕಿಕಾಳಿನ ದಿನ ನೀವ ಬಂದು ಇದರ ಘಳಿಗಿ ಮುರೀಬೇಕರಿ." ಅಕ್ಕಿಕಾಳು ಅಂದರೆ ನಮ್ಮ ಕಡೆ ಮದುವೆಯ ಮುಹೂರ್ತ; ಹೊಸ ಸೀರೆಯ ಮಡಿಕೆಯನ್ನು ಮೊದಲ ಸಲ ಬಿಡಿಸುವುದಕ್ಕೆ ಘಳಿಗೆ ಮುರಿಯುವುದು ಅನ್ನುತ್ತಾರೆ. ಮನೆಯ ಹಿರಿಯ ಮುತ್ತೈದೆ ಮಾಡುವ ಕೆಲಸ. ಗಂಡನಿಲ್ಲದ, ಸಂಬಂಧಿಯೂ ಅಲ್ಲದ ನೇಕಾರ ಹೆಂಗಸನ್ನು ಅದಕ್ಕೆ ಯಾರೂ ಕರೆದ ನೆನಪು ಅತ್ತೆಗೆ ಇರಲಿಲ್ಲ.

ಆವತ್ತಿನಿಂದ ಅವರಿಗೆ ಅದೊಂದೇ ಧ್ಯಾನ. ನನಗೆ ಮೊದಲು ಅರ್ಥವಾಗಲಿಲ್ಲ. ಊರ ತುಂಬ ಹೆಂಗಸರು ಇಂಥವೇ ಸೀರೆ ಉಟ್ಟು ಓಡಾಡುತ್ತಾರೆ, ಇದರಲ್ಲಿ ಹೊಸದೇನು ಎಂದು ಕೇಳಿದೆ.

"ಅವು ಯಾರೋ ನೇಯ್ದದ್ದು, ಯಾರೋ ಉಟ್ಟದ್ದು" ಅಂದರು. "ನಾ ನೇಯ್ದದ್ದು ನನಗ ಗೇಣು ಗೇಣು ಕಾಣತೈತ್ರಿ ಅಳಿಯಾರ. ನೇಯ್ದಂಗ ನೇಯ್ದಂಗ ಮಗ್ಗದ ಮರಕ್ಕ ಸುತಗೋತ ಹೋಗತೈತಿ. ಬಿಚ್ಚಿದ ಮ್ಯಾಲ ಮಡಿಚಿ ಕೊಡೂದ. ಒಂದ ಸಲ ಒಬ್ಬಾಕಿ ಮೈಮ್ಯಾಲ ಪೂರ್ತಿ ನೋಡಿ ಸಾಯಬೇಕಂತ ಆಶಾ ಐತಿ."

ನಲವತ್ತೈದು ವರ್ಷ ನೇಯ್ದವರು ಹೀಗೆ ಹೇಳಿದಾಗ ನನಗೆ ನಾಚಿಕೆಯಾಯಿತು. ನಾನು ಕಲಿಸಿದ ಹುಡುಗರು ರಸ್ತೆಯಲ್ಲಿ ಎದುರಾಗಿ ನಮಸ್ಕಾರ ಮಾಡದಿದ್ದರೆ ಮೂರು ದಿನ ಸಿಟ್ಟಾಗಿರುವವನು ನಾನು.

ಅಷ್ಟರಲ್ಲಿ ಗುಡ್ಡಕ್ಕೆ ಬೆಂಕಿ ಬಿತ್ತು.

ಗಜೇಂದ್ರಗಡದ ಗುಡ್ಡದ ಒಣ ಹುಲ್ಲಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುವುದು ಹೊಸದಲ್ಲ. ಆದರೆ ಆ ಸಲ ಅದು ಒಂದು ದಿಕ್ಕಿನಲ್ಲಿ ಆರಿದರೆ ಇನ್ನೊಂದು ದಿಕ್ಕಿನಲ್ಲಿ ಎದ್ದು ವಾರಗಟ್ಟಲೆ ನಡೆಯಿತು. ಕೆಳಗೆ ಹೊಲಗಳಲ್ಲೂ ಗೋವಿನಜೋಳದ ದಂಟು, ಸೂರ್ಯಕಾಂತಿಯ ಕಡ್ಡಿ ಸುಡುವ ಸಮಯ. ಎಲ್ಲ ಹೊಗೆಯೂ ಊರ ಮೇಲೆ ಬಂದು ಕೂತಿತು. ಬೆಂಕಿ ಯಾರಿಂದ ಎಂಬ ವಿಚಾರದಲ್ಲಿ ಕಟ್ಟೆಯ ಮೇಲೆ ದಿನಾ ತೀರ್ಪು ಬದಲಾಗುತ್ತಿತ್ತು. ಮೊದಲ ದಿನ ಕುರಿ ಕಾಯುವವರ ಬೀಡಿ. ಎರಡನೆಯ ದಿನ, ಹೊಸ ಹುಲ್ಲು ಚಿಗುರಲೆಂದು ಯಾರೋ ಬೇಕೆಂದೇ ಹಚ್ಚಿದ್ದು. ಮೂರನೆಯ ದಿನ ಪಕ್ಕದ ಮನೆಯ ಹಿರಿಯರೊಬ್ಬರು, ಗುಡ್ಡದ ಮೇಲಿನ ಗಾಳಿಯಂತ್ರಗಳೇ ಬೀಸಿ ಬೀಸಿ ಬೆಂಕಿ ಎಬ್ಬಿಸುತ್ತಿವೆ ಎಂದು ಸಾರಿದರು. ನಾನು ವಿಜ್ಞಾನದ ಮಾಸ್ತರ, ಸುಮ್ಮನಿರಲಾದೀತೇ. ಅವು ಗಾಳಿ ಬೀಸುವುದಿಲ್ಲ, ಗಾಳಿಯೇ ಅವನ್ನು ತಿರುಗಿಸುತ್ತದೆ ಎಂದು ಅರ್ಧ ತಾಸು ತಿಳಿಸಿದೆ. ಅವರು ಸಮಾಧಾನದಿಂದ ಕೇಳಿ, "ಹಂಗಾರ ಅಷ್ಟು ದೊಡ್ಡ ಫ್ಯಾನ್ ಸುಮ್ಮನ ತಿರಗತಾವೇನ್ರಿ?" ಎಂದು ಎದ್ದು ಹೋದರು.

ಅತ್ತೆ ಮಗ್ಗ ನಿಲ್ಲಿಸಿದರು. ಹೊಗೆಯ ಜೊತೆ ಬರುವ ಕರಿ ಬೂದಿ ರೇಷ್ಮೆಯ ಮೇಲೆ ಕೂತರೆ ಉಜ್ಜಿದಷ್ಟೂ ಒಳಗಿಳಿಯುತ್ತದೆ. ಹಳೆಯ ಚಾದರ, ಗೋಣಿಚೀಲ ಎಲ್ಲ ಹೊದಿಸಿ, ನಾಲ್ಕು ದಿನ ಅದರ ಪಕ್ಕದಲ್ಲಿ ಮಗು ಕಾಯುವ ಹಾಗೆ ಕೂತರು. ಮದುವೆಗೆ ಉಳಿದದ್ದು ಎಂಟು ದಿನ.

ನನ್ನ ಗಾಡಿ ಮಾತ್ರ ಹೊರಗೆ ಬೇವಿನ ಮರದ ಕೆಳಗೆ ನಿಂತಿತ್ತು. ಅದರಲ್ಲೇ ನಾನು ಹೊಗೆಯೊಳಗೆ ದಿನಾ ಊರು ಸುತ್ತಿ, ಗುಡ್ಡದ ಬುಡದ ತನಕ ಹೋಗಿ ಬೆಂಕಿ ನೋಡಿ ಬರುತ್ತಿದ್ದೆ. ಮದುವೆಗೆ ಮೂರು ದಿನವಿರುವಾಗ ಗಾಡಿಯ ಓಟದಲ್ಲಿ ಮೊದಲಿನ ಹುರುಪು ಇಲ್ಲವೆನ್ನಿಸಿ, ಬಾನೆಟ್ ಎತ್ತಿ ಏರ್ ಫಿಲ್ಟರ್ ಹೊರತೆಗೆದೆ. ರೊಟ್ಟಿ ಹಂಚಿನ ತಳದಂತೆ ಕಪ್ಪಾಗಿತ್ತು. ಜಗಲಿಯಲ್ಲಿ ಕೂತಿದ್ದ ಅತ್ತೆಗೆ ಪಾಠ ಶುರು ಮಾಡಿದೆ. ಎಂಜಿನ್ನು ಡೀಸೆಲ್ ಕುಡಿದಂತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಆ ಗಾಳಿಯನ್ನು ಸೋಸುವುದು ಈ ಕಾಗದ. ಧೂಳಾದರೆ ಮೇಲೆಯೇ ನಿಲ್ಲುತ್ತದೆ, ಕುಟ್ಟಿದರೆ ಉದುರುತ್ತದೆ. ಹೊಗೆಯ ಮಸಿ ಬಹಳ ಸಣ್ಣದು, ಜಿಗುಟು, ಕಾಗದದ ಕಣ್ಣುಗಳಲ್ಲೇ ಕೂತುಬಿಡುತ್ತದೆ. ಕಣ್ಣು ಮುಚ್ಚಿದರೆ ಗಾಡಿಗೆ ಉಸಿರು ಕಟ್ಟುತ್ತದೆ. ಇದೇ ಗಾಡಿಯ ಮೂಗು ಅಂದೆ.

"ಮೂಗ ಕಟ್ಟಿದ್ರ ತೊಳೀಬೇಕಲ್ರಿ" ಅಂದರು ಅತ್ತೆ.

"ಹೊಸದು ಹಾಕಬೇಕರಿ. ಗದಗಿನಿಂದ ತರಸ್ತೀನಿ" ಅಂದೆ. ಅಂದವನು ಅದನ್ನು ಜಗಲಿಯ ಮೇಲಿಟ್ಟು ಊಟ ಮಾಡಿ ಮಲಗಿದೆ. ತರಿಸುವುದನ್ನು ಮರೆತೆ.

ಮರುದಿನ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದು ಬಂದರೆ ಫಿಲ್ಟರ್ ಬಿಸಿಲಿನಲ್ಲಿ ಮಿಂಚುತ್ತಿತ್ತು. ಅತ್ತೆ ಅದನ್ನು ರೇಷ್ಮೆ ತೊಳೆಯುವ ಅಂಟುವಾಳದ ನೊರೆಯಲ್ಲಿ ಅದ್ದಿ ಅದ್ದಿ ಮಸಿ ಬಿಡಿಸಿದ್ದರು. ನೀರು ಕುಡಿದ ಕಾಗದ ಮೆತ್ತಗಾಗಿ ಮಡಿಕೆ ಜೋತುಬಿತ್ತಂತೆ. ನೂಲು ಮೆತ್ತಗಾದರೆ ನೇಕಾರರು ಏನು ಮಾಡುತ್ತಾರೆ? ಗಂಜಿ ಕುಡಿಸುತ್ತಾರೆ. ಮಗ್ಗಕ್ಕೆ ಕಟ್ಟುವ ಹಾಸಿನ ನೂಲಿಗೆ ಕಾಯಿಸಿದ ಗಂಜಿ ಉಳಿದಿತ್ತು. ಮಡಿಕೆ ಮಡಿಕೆಗೂ ಬಟ್ಟೆಯಿಂದ ಸವರಿ, ಕಡ್ಡಿಯಿಂದ ನಿರಿಗೆ ತೀಡಿ, ಒಣಗಿಸಿ ಇಟ್ಟಿದ್ದರು. ಬೆರಳಿನಿಂದ ತಟ್ಟಿದರೆ ಟಣ್ ಅನ್ನುತ್ತಿತ್ತು.

ಇಲ್ಲಿ ನಾನು ಬಾಯಿ ಬಿಟ್ಟು ಹೇಳಬೇಕಿತ್ತು. ಇಪ್ಪತ್ತೆರಡು ವರ್ಷದ ಲೋಟ, ಮೇಣದಬತ್ತಿ ಎಲ್ಲ ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಷ್ಟು ಬೆಳ್ಳಗೆ, ಅಷ್ಟು ಗರಿಗರಿಯಾಗಿ ನನ್ನ ಅಂಗಿಯೂ ಎಂದೂ ಇರಲಿಲ್ಲ. "ಹೊಸದಕ್ಕಿಂತ ಚಲೋ ಆತ್ರಿ ಅತ್ತಿಯವರ" ಎಂದೆ. ನಾನೇ ಕೂರಿಸಿದೆ. ಚಾಲೂ ಮಾಡಿದೆ. ನಿಂತಲ್ಲಿ ಗಾಡಿಗೆ ಗಾಳಿ ಬೇಕಾಗುವುದೇ ಸ್ವಲ್ಪ, ಹಾಗಾಗಿ ಸುಮಾರಾಗಿ ಗುರುಗುಟ್ಟಿತು. ಅತ್ತೆಯ ಮುಖ ಅರಳಿತು. ಅವರು ಹೊಗೆ ಕಡಿಮೆಯಾದ ಎರಡು ದಿನದಲ್ಲಿ ಹಗಲೆಲ್ಲ ಕೂತು ಸೀರೆ ಮುಗಿಸಿದರು. ಬಸ್ಸಿಗೆ ಹೋಗುತ್ತೇನೆ ಅಂದವರನ್ನು ನಾನೇ ತಡೆದೆ. ಮನೆ ಬಾಗಿಲಲ್ಲಿ ಗಾಡಿ ಇರುವಾಗ ಬಸ್ಸೇ?

ಮದುವೆಯ ದಿನ ಎಂಟಕ್ಕೆ ಹೊರಟೆವು. ಶುಭಕಾರ್ಯಕ್ಕೆ ಮೂರು ಜನ ಹೋಗಬಾರದೆಂದು ಗಿರಿಜಾ ಮನೆಯಲ್ಲೇ ಉಳಿದಳು. ನಾನು ಕಲ್ಲಿನ ಮೇಲೆ ಒಗೆದು ಒಗೆದು ತೆಳ್ಳಗಾದ ಧೋತರ ಉಟ್ಟಿದ್ದೆ. ಅತ್ತೆ ಹಿಂದಿನ ಸೀಟಿನಲ್ಲಿ ಸೀರೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಹನ್ನೆರಡೂವರೆಗೆ ಅಕ್ಕಿಕಾಳು. ಎರಡು ತಾಸಿನ ದಾರಿ.

ಊರು ದಾಟಿ ಆಕ್ಸಿಲರೇಟರ್ ಒತ್ತಿದೆ. ಗಾಡಿ ಮುಂದೆ ಹೋಗುವ ಬದಲು ನಿಟ್ಟುಸಿರು ಬಿಟ್ಟಿತು. ಹಿಂದೆ ಕರಿ ಹೊಗೆ. ಡೀಸೆಲ್ ಸರಿಯಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎತ್ತಿನ ಗಾಡಿಯೊಂದು ಸ್ವಲ್ಪ ದೂರ ನಮ್ಮ ಜೊತೆಜೊತೆಗೇ ಬಂತು. ಹೊಡೆಯುವವನು ಮರ್ಯಾದೆಗಾಗಿ ನಮ್ಮನ್ನು ಮುಂದೆ ಬಿಟ್ಟ. ರೋಣ ಬಂದಾಗಲೇ ಹತ್ತಾಗಿತ್ತು. ಅಲ್ಲಿ ನನ್ನ ಗುರುತಿನ ಮೆಕ್ಯಾನಿಕ್ ಇದ್ದಾನೆ. ಅವನಿಗೆ ಪ್ರತಿ ಭಾನುವಾರ ನಾನೇ ಗಾಡಿಯ ವಿಷಯ ತಿಳಿಸುವವನು, ಈಗ ಹೋಗಿ ನಿಂತರೆ ಮುಖ ಎಲ್ಲಿಡಲಿ? ಎಂಜಿನ್ ಬಿಸಿಯಾದರೆ ಸರಿಹೋಗುತ್ತದೆ ಎಂದು ಅತ್ತೆಗೆ ಹೇಳಿ ಮುಂದೆ ನಡೆದೆ. ಬೆಳವಣಕಿಯ ಹತ್ತಿರ ಗಾಡಿ ಮೂರು ಸಲ ಮುಗ್ಗರಿಸಿ ನಿಂತೇಬಿಟ್ಟಿತು.

ಪುಣ್ಯಕ್ಕೆ ರಸ್ತೆ ಬದಿಯಲ್ಲೇ ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು. ಈರಣ್ಣ ಅಂತ ಅದರ ಮಾಲೀಕ, ಮಾತು ಕಡಿಮೆ. ಬಾನೆಟ್ ಎತ್ತಿ, ನನ್ನ ಡೀಸೆಲ್ ಸಿದ್ಧಾಂತವನ್ನು ಕೇಳಿಸಿಕೊಳ್ಳದೆ, ಫಿಲ್ಟರ್ ಹೊರಗೆಳೆದ. ಮೂಗಿನ ಹತ್ತಿರ ಒಯ್ದ. ಬಾಯಿ ಹಚ್ಚಿ ಊದಿದ. ಆಮೇಲೆ ಗೆಣ್ಣಿನಿಂದ ತಟ್ಟಿದ.

"ಸರ, ಇದು ಹಪ್ಪಳ ಆಗೇತ್ರಿ" ಅಂದ. "ಇದಕ್ಕ ಗಂಜಿ ಹಾಕಿದವರು ಯಾರ್ರಿ?"

ಆ ಕ್ಷಣಕ್ಕೆ ಎಲ್ಲ ತಿಳಿಯಿತು. ಹೊಗೆ ಮುಚ್ಚಿದ್ದು ಅರ್ಧ ಕಣ್ಣು; ಗಂಜಿ ಉಳಿದ ಎಲ್ಲವನ್ನೂ ಮುಚ್ಚಿತ್ತು. ನಾನು ಉತ್ತರ ಹುಡುಕುತ್ತಿರುವಾಗಲೇ ಅತ್ತೆ ಗಾಡಿಯಿಂದ ಇಳಿದು, "ನಾನಪಾ" ಅಂದರು. ಸಣ್ಣ ದನಿಯಲ್ಲಿ. ನಾನೇ ಹೊಗಳಿ ಹಾಕಿದ್ದು ಎಂದು ಹೇಳುವುದಕ್ಕೆ ನನ್ನ ನಾಲಿಗೆ ಏಳಲಿಲ್ಲ. ಈಗ ಬರೆಯುವಾಗಲೂ ಅದೊಂದು ಜಾಗದಲ್ಲಿ ಪೆನ್ನು ತಡೆಯುತ್ತದೆ.

"ಬ್ಯಾರೇದು ನನ್ನಲ್ಲಿಲ್ಲರಿ. ತಗದ ಹೊಡೀಬಹುದು" ಅಂದ ಈರಣ್ಣ. "ಆದ್ರ ಮುಂದ ಎರಡೂ ಕಡೆ ಹೊಲಕ್ಕ ಬೆಂಕಿ ಹಚ್ಚ್ಯಾರ. ಬೂದಿ, ಮಸಿ ಸೀದಾ ಎಂಜಿನ್ ಹೊಟ್ಟಿಗೆ ಹೋಗತೈತಿ. ಬೂದಿ ಅಂದ್ರ ಒಳಗ ಉಸುಕ ಹಾಕಿ ತಿಕ್ಕಿದಂಗ್ರಿ. ನಿಮ್ಮ ಗಾಡಿ, ನಿಮ್ಮ ಇಚ್ಛಾ."

ನಾನು ಗಾಡಿಯನ್ನು ನೋಡಿದೆ. ನಿಜ ಹೇಳುತ್ತೇನೆ, ಆಗ ನನ್ನ ತಲೆಯಲ್ಲಿ ಮದುಮಗಳಿರಲಿಲ್ಲ, ಅತ್ತೆಯೂ ಇರಲಿಲ್ಲ. ಪಿಸ್ಟನ್ನಿನ ಮೇಲೆ ಗೀರು ಬಿದ್ದ ಒಂದು ವಿಡಿಯೋ ಓಡುತ್ತಿತ್ತು.

ಅಷ್ಟರಲ್ಲಿ ನರಗುಂದದ ಬಸ್ಸು ಬಂತು. ಲಗ್ನದ ದಿನಗಳು, ಬಾಗಿಲ ಮೆಟ್ಟಿಲ ಮೇಲೂ ಜನ ಜೋತುಬಿದ್ದಿದ್ದರು. ಅತ್ತೆ ಕೈಯೆತ್ತಿ ನಿಲ್ಲಿಸಿದರು. ಕಂಡಕ್ಟರ್ ಕಿಟಕಿಯಿಂದಲೇ, "ಜಾಗಾ ಇಲ್ಲಬೇ ಯಮ್ಮಾ, ಮುಂದಿನ ಬಸ್ಸು ಒಂದಕ್ಕ ಐತಿ" ಅಂದ. "ನಾ ಬರೂದಿಲ್ಲಪಾ. ಇದೊಂದು ಗಂಟು ಲಗ್ನದ ಮನಿಗೆ ಮುಟ್ಟಿಸಿಬಿಡು" ಎಂದು ಅತ್ತೆ ಬಿಳಿ ಬಟ್ಟೆಯ ಗಂಟು ಮೇಲೆತ್ತಿದರು. ಅವನು ಕೈ ಚಾಚಿದ.

ನಾನು ಓಡಿ ಹೋಗಿ ಅವರ ಪಕ್ಕ ನಿಂತೆ.

"ಗಾಡಿ ಕೆಡೂದು ಬ್ಯಾಡ್ರಿ ಅಳಿಯಾರ" ಅಂದರು. "ಸೀರಿ ಮುಟ್ಟಿದ್ರ ಸಾಕು. ನಮ್ಮ ಸೀರಿ ಯಾವಾಗ್ಲೂ ಒಂಟೀನ ಹೋಗ್ಯಾವು. ಇದೂ ಹೋಗಲಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನನಗೆ ನನ್ನ ಮೇಲೆ ಎಂಥ ಹೇಸಿಕೆ ಹುಟ್ಟಿತೆಂದರೆ, ಗಂಟನ್ನು ಅವರ ಎದೆಗೇ ಒತ್ತಿ ಹಿಡಿದು, "ನೀವ ಹೋಗ್ರಿ ಕಂಡಕ್ಟರ್, ನಾವ ಬರ್ತೀವಿ" ಅಂದೆ. ಬಸ್ಸು ಹೋಯಿತು. "ಫಿಲ್ಟರ್ ನಾನ ಹಾಕೀನಿ ಈರಣ್ಣಾ, ಚಲೋ ಆಗೇತಿ ಅಂತ ಹೊಗಳಿ ಹಾಕೀನಿ" ಎಂದೂ ಅಂದೆ. ಅವನು ಅದನ್ನು ಮೊದಲೇ ಊಹಿಸಿದ್ದವನ ಹಾಗೆ ತಲೆಯಾಡಿಸಿದ.

ಫಿಲ್ಟರಿನ ಜಾಗದಲ್ಲಿ ತಂತಿಯ ಜಾಳಿಗೆಯ ಮೇಲೆ ಬಟ್ಟೆ ಕಟ್ಟಿ ನೋಡೋಣ ಅಂದ ಈರಣ್ಣ. ತನ್ನ ಹೆಗಲ ಟವೆಲ್ ಕೊಟ್ಟ. ಅತ್ತೆ ಅದನ್ನು ಎರಡು ಬೆರಳಿನ ನಡುವೆ ಹಿಡಿದು, ಬಿಸಿಲಿಗೆ ಎತ್ತಿ ನೋಡಿ, "ಇದು ಭಾಳ ಬಿಗಿ. ಗಾಳಿ ನಿಂದರತೈತಿ" ಅಂದರು. ಶೆಡ್ಡಿನ ಚೀಲ ನೋಡಿದರು. "ಇದು ಭಾಳ ಸಡಲ. ಬೂದಿ ಹಾಯತೈತಿ." ನನ್ನ ಕರವಸ್ತ್ರಕ್ಕೆ ತುಟಿ ಹಚ್ಚಿ ಊದಿ ಬೇಡವೆಂದರು. ಒಂದು ಸಲ ತಪ್ಪಿದ ಕೈ ಈಗ ಎಳೆ ಎಳೆಯನ್ನೂ ತೂಗಿ ನೋಡುತ್ತಿತ್ತು. ಕಡೆಗೆ ಅವರ ಕಣ್ಣು ನನ್ನ ಸೊಂಟಕ್ಕೆ ಬಂದು ನಿಂತಿತು.

"ಅಳಿಯಾರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಧೋತರ ಒಂದ ಎರಡ ಪದರ ಮಾಡಿದ್ರ ಬರೋಬ್ಬರಿ ಐತಿ."

ಟ್ರ್ಯಾಕ್ಟರಿನ ಹಿಂದೆ ನಿಂತು ಧೋತರ ಬಿಚ್ಚಿ ಕೊಟ್ಟೆ. ಉದ್ದ ಕಡಿಮೆಯಾದರೆ ಕಚ್ಚೆಗೆ ಸಾಲುವುದಿಲ್ಲವೆಂದು ಈರಣ್ಣ ಕೆಳಗಿನ ಅಂಚನ್ನೇ ಗೇಣಗಲ ಕತ್ತರಿಸಿದ. ಉಳಿದದ್ದನ್ನು ಉಟ್ಟರೆ ಮೊಣಕಾಲಿಗೆ ನಿಂತಿತು. ಕತ್ತರಿ ಆಡುವಾಗ ಅತ್ತೆ ಮುಖ ತಿರುಗಿಸಿದರು. ನನ್ನ ಮೇಲಿನ ಮರ್ಯಾದೆಗಲ್ಲ, ನೇಯ್ದ ಬಟ್ಟೆಗೆ ಕತ್ತರಿ ಬೀಳುವುದನ್ನು ಅವರು ನೋಡುವುದಿಲ್ಲ.

ಆ ತುಂಡನ್ನು ಎರಡು ಪದರ ಮಾಡಿ ಜಾಳಿಗೆಗೆ ಬಿಗಿದು ಕೂರಿಸಿದ ಮೇಲೆ ಗಾಡಿ ಹೂಂಕರಿಸಿ ಎದ್ದಿತು. ಮುಂದೆ ಎರಡೂ ಬದಿಯ ಹೊಲ ಉರಿಯುತ್ತಿತ್ತು, ರಸ್ತೆಯ ಮೇಲೆ ಹೊಗೆ ಮಲಗಿತ್ತು. ಗಾಜು ಏರಿಸಿದೆ. ದೀಪ ಹಚ್ಚಿದೆ. ಕರಿ ಬೂದಿ ಮುಂದಿನ ಗಾಜಿನ ಮೇಲೆ ಇರುವೆಯಂತೆ ಹರಿದಾಡಿತು. ಅದೇ ಗಾಳಿಯನ್ನು ನನ್ನ ಎಂಜಿನ್ನು ನನ್ನ ಧೋತರದ ಮೂಲಕ ಎಳೆದುಕೊಳ್ಳುತ್ತಿದೆ ಎಂದು ನೆನೆದಾಗಲೆಲ್ಲ ಆಕ್ಸಿಲರೇಟರಿನ ಮೇಲಿನ ಕಾಲನ್ನು ಸ್ವಲ್ಪ ಸಡಿಲಿಸುತ್ತಿದ್ದೆ. ಹಿಂದೆ ಅತ್ತೆ ಸೀರೆಯ ಗಂಟಿನ ಮೇಲೆ ಬಾಗಿ, ಅದರ ಮೇಲೆ ತಮ್ಮ ಸೆರಗನ್ನೂ ಹೊದಿಸಿ ಕೂತಿದ್ದರು.

ನರಗುಂದ ಮುಟ್ಟಿದಾಗ ಹನ್ನೆರಡು ದಾಟಿ ಐದು ನಿಮಿಷ. ಹೆಣ್ಣಿನ ಅಜ್ಜಿ ಕೋಣೆಯ ಬಾಗಿಲಲ್ಲಿ ಅಂಗಡಿಯಿಂದ ತಂದ ಇನ್ನೊಂದು ಸೀರೆ ಹಿಡಿದು ನಿಂತಿದ್ದರು. "ಇನ್ನ ಐದು ಮಿಂಟ ನೋಡಿ ಇದನ್ನ ಉಡಸವರಿದ್ದಿವ್ರಿ" ಅಂದರು. ಒಳಗೆ ವಿದ್ಯಾ ಮುಡಿ ತುಂಬ ಹೂ ಮುಡಿದು, ಹಳೆಯ ಸೀರೆಯಲ್ಲೇ ಹಟ ಹಿಡಿದು ಕೂತಿದ್ದಳು. ಅತ್ತೆ ಕೈ ತೊಳೆದು ಒಳಗೆ ಹೋದರು. ಒಬ್ಬ ಹೆಂಗಸು ಏನೋ ಪಿಸುಗುಟ್ಟಿದಳು. ವಿದ್ಯಾ ಅದನ್ನು ಕೇಳಿಸಿಕೊಂಡೂ, "ಬರ್ರಿ ಅಮ್ಮಾ, ನೀವ ಮುರೀರಿ" ಎಂದು ಗಂಟನ್ನು ಅವರ ಕಡೆ ಸರಿಸಿದಳು. ಅತ್ತೆಯ ಬೆರಳು ಮಡಿಕೆಯ ಕೆಳಗೆ ಹೋಗಿ ಒಂದೊಂದಾಗಿ ಎತ್ತಿದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಆಮೇಲೆ ಬಾಗಿಲು ಮುಚ್ಚಿದರು.

ನಾನು ಹೊರಗೆ ಸ್ವಸ್ಥ ನಿಲ್ಲೋಣವೆಂದರೆ, ಮೊಣಕಾಲಿನ ಧೋತರ ಕಂಡು ಅಡುಗೆಯವರ ಪೈಕಿ ಎಂದು ತಿಳಿದ ಹಿರಿಯರೊಬ್ಬರು ಕೈಗೆ ಸಾರಿನ ಬಕೀಟು ಕೊಟ್ಟು ಪಂಕ್ತಿಯ ಕಡೆ ತೋರಿಸಿದರು. ಇಲ್ಲವೆನ್ನಲು ಮನಸ್ಸಾಗಲಿಲ್ಲ. ಆವತ್ತು ಯಾರಾದರೂ ನನಗೊಂದು ಕೆಲಸ ಕೊಟ್ಟರೆ ಸಾಕಾಗಿತ್ತು. ಎರಡು ಸಾಲು ಬಡಿಸಿದೆ. ಒಬ್ಬರು, ಸಾರಿಗೆ ಉಪ್ಪು ಕಡಿಮೆ ಎಂದು ನನ್ನನ್ನೇ ಗದರಿದರು.

ವಾದ್ಯ ಶುರುವಾದಾಗ ಬಕೀಟು ಕೆಳಗಿಟ್ಟು ಮಂಟಪದ ಕಡೆ ಹೋದೆ. ಅತ್ತೆ ಹೆಂಗಸರ ಸಾಲಿನ ಕೊನೆಯಲ್ಲಿದ್ದರು. ಅವರ ಕೈಗೂ ಯಾರೋ ಅಕ್ಕಿಕಾಳು ಕೊಟ್ಟಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಮಂತ್ರ ಮುಗಿಯಿತು, ಎಲ್ಲರೂ ಅಕ್ಕಿಕಾಳು ಎಸೆದರು, ನನ್ನ ತಲೆಯ ಮೇಲೂ ಬಿದ್ದವು. ಅತ್ತೆಯ ಮುಷ್ಟಿ ಬಿಗಿದೇ ಇತ್ತು. ಆಮೇಲೆ ವಿದ್ಯಾ ಗಂಡನ ಜೊತೆ ಎದ್ದು, ಹಿರಿಯರಿಗೆ ನಮಸ್ಕಾರ ಮಾಡಲು ಮಂಟಪದಿಂದ ಇಳಿದಳು. ಕೆಂಪು ದಡಿ ಮೆಟ್ಟಿಲ ಮೇಲೆ ಒಮ್ಮೆ ನಿಂತು, ಮುಂದೆ ಬಂತು. ನಿರಿಗೆ ತೆರೆದು ಮುಚ್ಚಿತು, ತೆರೆದು ಮುಚ್ಚಿತು. ನನಗೆ ಕಣ್ಣು ತುಂಬಿ ಬಂತು. ಹೊಗೆಯ ನೆಪ ಹೇಳುವುದಕ್ಕೆ ಅಲ್ಲಿ ಹೊಗೆಯೂ ಇರಲಿಲ್ಲ.

"ಅಕ್ಕಿಕಾಳು ಹಾಕ್ರಿ ಅತ್ತಿಯವರ" ಅಂದೆ ಮೆಲ್ಲಗೆ.

ಅವರು ಸೀರೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಇಪ್ಪತ್ತು ದಿನ ನನ್ನ ಮುಂದ ಮಲಕೊಂಡ ಇತ್ರಿ ಅದು" ಅಂದರು. "ಈಗ ನೋಡ್ರಿ, ನಡ್ಯಾಕ ಹತ್ತೇತಿ."